ಹೊಡೆಯ ಹೊತ್ತಿನ ನೀರು: ಬರ, ನೆರೆ, ಬಿಸಿಲಿಗೆ ಭತ್ತದ ಹಾರ್ಮೋನುಗಳು ಕೊಡುವ ಉತ್ತರ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯೆಂದರೆ ಈ ಐದು ತಾಲ್ಲೂಕುಗಳೇ. ಇವುಗಳ ಹೆಸರು ಹೇಳಿದರೆ ಯಾರಿಗೂ ಮೊದಲು ಭತ್ತ ನೆನಪಾಗುವುದಿಲ್ಲ. ಜೋಳ, ಸಜ್ಜೆ, ನವಣೆ, ಶೇಂಗಾ, ಈಚಿನ ವರ್ಷಗಳಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಹಡಗಲಿ ಎಂದರೆ ಮಲ್ಲಿಗೆ. ಇಂಥ ಕಡೆ ಭತ್ತದ ಮಾತಾಡಲು ಏಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ನನ್ನ ಉತ್ತರ ಹೀಗಿದೆ. ಗಂಗಾವತಿ, ಸಿರುಗುಪ್ಪದ ಕಾಲುವೆ ಗದ್ದೆಗಳಲ್ಲಿ ಭತ್ತ ಸಾಮಾನ್ಯ ವರ್ಷಗಳಲ್ಲಿ ಸುಖವಾಗಿ ಬೆಳೆಯುತ್ತದೆ. ಇಲ್ಲಿ ಅದು ಬೆಳೆಯುವುದು ಅಂಚಿನಲ್ಲಿ. ಹರಪನಹಳ್ಳಿಯ ಹಲವಾಗಲು, ಗರ್ಭಗುಡಿಯ ಕಡೆ, ಹಡಗಲಿಯ ಮದಲಗಟ್ಟಿ, ಮೈಲಾರದ ಕಡೆ ತುಂಗಭದ್ರೆಯ ದಂಡೆಯಲ್ಲಿ ನೆಲ್ಲು ಹಚ್ಚುತ್ತಾರೆ. ಹೊಳೆ ಉಕ್ಕಿದ ವರ್ಷ ಅದು ಮುಳುಗುತ್ತದೆ. ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯ ಎಷ್ಟೋ ವರ್ಷ ಬತ್ತಿ ನಿಂತದ್ದನ್ನು ನೀವೇ ನೋಡಿದ್ದೀರಿ. ಉಳಿದ ಕಡೆ ಬೋರಿನ ನೀರು ನಂಬಿ ಅರ್ಧ ಎಕರೆ, ಒಂದು ಎಕರೆ ಮನೆಯ ಊಟಕ್ಕೆಂದು ಹಾಕುತ್ತಾರೆ. ತೆನೆ ಬರುವ ಹೊತ್ತಿಗೆ ಬೋರು ಕೈಕೊಡುತ್ತದೆ. ಬರ, ನೆರೆ, ಬಿಸಿಲು ಮೂರನ್ನೂ ಭತ್ತ ಇಲ್ಲಿ ಒಂದೇ ಸೀಮೆಯಲ್ಲಿ ಎದುರಿಸುತ್ತದೆ. ನೀರು ಧಾರಾಳವಾಗಿರುವಲ್ಲಿ ಗಿಡ ಕಷ್ಟವನ್ನು ಹೇಗೆ ತಾಳುತ್ತದೆ ಎಂದು ತಿಳಿಯದಿದ್ದರೂ ನಡೆದೀತು. ಇಲ್ಲಿ ತಿಳಿಯಲೇಬೇಕು.

ಇನ್ನೊಂದು ಕಾರಣವೂ ಇದೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ನಿಮಗೆಲ್ಲ ಗೊತ್ತು. ಕೆರೆಗೆ ನೀರು ಬಂದರೆ ಕೆರೆಯ ಕೆಳಗಿನ ಹೊಲದವರು ಭತ್ತದ ಕಡೆ ನೋಡುವುದು ಸಹಜ. ಆ ಹೊತ್ತು ಬರುವ ಮೊದಲೇ ಈ ಮಾತು ಆಡಿಬಿಡುವುದು ಒಳ್ಳೆಯದು.

ಹಾರ್ಮೋನು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗೊಬ್ಬರದ ಅಂಗಡಿಯ ಕಪಾಟಿನ ಟಾನಿಕ್ ಬಾಟಲಿ. ಆ ಬಾಟಲಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಿಡದೊಳಗಿನ ಹಾರ್ಮೋನನ್ನು ನೋಡೋಣ. ಗೊಬ್ಬರ ಗಿಡದ ಮೈ ಕಟ್ಟುತ್ತದೆ. ಹಾರ್ಮೋನು ಗಿಡದ ಒಂದು ಭಾಗದ ಸುದ್ದಿಯನ್ನು ಇನ್ನೊಂದು ಭಾಗಕ್ಕೆ ಮುಟ್ಟಿಸುತ್ತದೆ. ಅದರ ಪ್ರಮಾಣ ಎಷ್ಟು ಅಲ್ಪವೆಂದರೆ ಒಂದು ಗ್ರಾಂ ಹಸಿ ಎಲೆಯಲ್ಲಿ ಅದನ್ನು ಅಳೆಯುವುದು ನ್ಯಾನೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ. ಗಿಡಕ್ಕೆ ನರವಿಲ್ಲ, ಮಿದುಳಿಲ್ಲ. ನೆಲದಲ್ಲಿ ತೇವ ಕಡಿಮೆಯಾಯಿತು, ಬುಡ ಮುಳುಗಿತು, ಹುಳು ಕಡಿಯಿತು ಎಂಬ ಸುದ್ದಿ ಮೈಯೆಲ್ಲ ಹರಡಿ ಅದಕ್ಕೆ ತಕ್ಕ ಕೆಲಸ ನಡೆಯಬೇಕಾದರೆ ಈ ಅಲ್ಪ ಪ್ರಮಾಣದ ರಾಸಾಯನಿಕಗಳೇ ಗತಿ.

ಈ ವಿದ್ಯೆಯ ಒಂದು ದೊಡ್ಡ ಅಧ್ಯಾಯ ಭತ್ತದ ಗದ್ದೆಯಲ್ಲೇ ಶುರುವಾಯಿತು. ಜಪಾನಿನ ರೈತರು ಬಕಾನೆ ಎಂದು ಕರೆಯುತ್ತಿದ್ದ ರೋಗವೊಂದಿದೆ. ರೋಗ ಹತ್ತಿದ ಸಸಿ ಉಳಿದವಕ್ಕಿಂತ ಬಡಬಡನೆ ಎತ್ತರ ಬೆಳೆದು, ತೆಳ್ಳಗಾಗಿ, ಬಾಗಿ ಬಿದ್ದುಹೋಗುತ್ತದೆ. ಏಯಿಚಿ ಕುರೊಸಾವಾ ಎಂಬ ವಿಜ್ಞಾನಿ 1926ರಲ್ಲಿ, ಇದು ಗದ್ದೆಯ ಒಂದು ಶಿಲೀಂಧ್ರ ಸ್ರವಿಸುವ ವಸ್ತುವಿನ ಕೆಲಸ ಎಂದು ತೋರಿಸಿದರು. ಆ ವಸ್ತುವಿಗೆ 1935ರಲ್ಲಿ ಯಾಬುತಾ ಎಂಬವರು ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಅದೇ ವಸ್ತು ಆರೋಗ್ಯವಂತ ಗಿಡಗಳಲ್ಲೂ ಇದೆ, ಕಾಂಡ ನೀಳವಾಗಿಸುವುದೇ ಅದರ ಕೆಲಸ ಎಂಬುದು ಆಮೇಲೆ ಗೊತ್ತಾಯಿತು. 1966ರಲ್ಲಿ ಬಂದ ಐಆರ್ 8 ಎಂಬ ಗಿಡ್ಡ ಭತ್ತ ಏಷ್ಯಾದ ಹಸಿರು ಕ್ರಾಂತಿಯ ಬೀಜ. ಅದು ಗಿಡ್ಡವಾದದ್ದೇಕೆ? ಜಿಬ್ಬರೆಲಿನ್ ತಯಾರಿಸುವ ಒಂದು ಜೀನು ಅದರಲ್ಲಿ ಕೆಟ್ಟಿತ್ತು. ತೆನೆಯ ಭಾರಕ್ಕೆ ಬೀಳದೆ ಗಿಡ ನಿಂತದ್ದು ಹಾರ್ಮೋನು ಕಡಿಮೆಯಾದದ್ದರಿಂದ. ಹಾರ್ಮೋನು ಹೆಚ್ಚಿದ್ದಷ್ಟೂ ಬೆಳೆ ಚೆನ್ನ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ.

ಈಗ ಬರದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ನಮ್ಮ ಸೀಮೆಯ ಮುಖ್ಯ ಸಂಕಟ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ 2023 ಇನ್ನೂ ಯಾರಿಗೂ ಮರೆತಿಲ್ಲ. ಮಸಾರಿ ಭೂಮಿಯಲ್ಲಿ ತೇವ ಇಳಿಯುತ್ತಿದ್ದಂತೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರುತ್ತದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಾವಿರಾರು ಪತ್ರರಂಧ್ರಗಳಿವೆ. ಗಿಡ ಗಾಳಿಯನ್ನು ಒಳಗೆ ತೆಗೆದುಕೊಳ್ಳುವುದು ಅವುಗಳ ಮೂಲಕ, ನೀರನ್ನು ಆವಿಯಾಗಿ ಬಿಡುವುದೂ ಅವುಗಳ ಮೂಲಕ. ಪ್ರತಿ ರಂಧ್ರದ ಎರಡು ಬದಿಗೆ ಎರಡು ಕಾವಲು ಕೋಶಗಳು. ಅವು ನೀರು ತುಂಬಿ ಉಬ್ಬಿದ್ದಾಗ ನಡುವಿನ ರಂಧ್ರ ತೆರೆದಿರುತ್ತದೆ. ಅಬ್ಸಿಸಿಕ್ ಆಮ್ಲ ಆ ಕೋಶದ ಒಂದು ಗ್ರಾಹಕಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಆ ಗ್ರಾಹಕ ಯಾವುದು ಎಂದು 2009ರಲ್ಲಷ್ಟೇ ಖಚಿತವಾಯಿತು. ಗ್ರಾಹಕಕ್ಕೆ ಹಾರ್ಮೋನು ಅಂಟಿದ ಮೇಲೆ, ಅಲ್ಲಿಯವರೆಗೆ ಮುಂದಿನ ಕೆಲಸವನ್ನು ತಡೆದಿಟ್ಟಿದ್ದ ಪ್ರೋಟೀನು ಸುಮ್ಮನಾಗುತ್ತದೆ. ಕೋಶದ ಲವಣಗಳು ಹೊರಗೆ ಹರಿಯುತ್ತವೆ. ಲವಣದ ಹಿಂದೆ ನೀರೂ ಹೋಗುತ್ತದೆ. ಗಾಳಿ ಇಳಿದ ಸೈಕಲ್ ಟ್ಯೂಬಿನಂತೆ ಕೋಶಗಳು ಸೊರಗಿ ರಂಧ್ರ ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ನಿಮಿಷಗಳಲ್ಲಿ. ಮಧ್ಯಾಹ್ನ ಹೊಲದಲ್ಲಿ ಭತ್ತದ ಎಲೆ ಸುರುಳಿ ಸುತ್ತಿಕೊಂಡದ್ದನ್ನು ನೋಡಿ ಬೆಳೆ ಹೋಯಿತು ಎಂದು ಕೊರಗುತ್ತೇವಲ್ಲ, ಆ ಹೊತ್ತಿಗೆ ಗಿಡ ತನ್ನ ನೀರನ್ನು ಕಾಯುವ ಕೆಲಸಕ್ಕೆ ಇಳಿದು ಆಗಿರುತ್ತದೆ.

ರಂಧ್ರ ಮುಚ್ಚಿದ್ದರಿಂದ ನೀರು ಉಳಿಯಿತು. ಆದರೆ ಗಾಳಿ ಒಳಗೆ ಬರುವುದು ನಿಂತಿತು, ಎಲೆ ಆಹಾರ ತಯಾರಿಸುವುದು ನಿಂತಿತು, ಎಲೆಯ ಬಿಸಿಯೂ ಏರಿತು. ಆವಿಯಾಗುವ ನೀರೇ ಎಲೆಯನ್ನು ತಂಪಾಗಿಡುವುದು. ಹಾಗಾಗಿ ಬರ ಮತ್ತು ಬಿಸಿಲು ಒಟ್ಟಿಗೆ ಬಂದಾಗ ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಉಪದ್ರವವಾಗುತ್ತದೆ. ಬೇಸಿಗೆ ಭತ್ತ ನಮ್ಮಲ್ಲಿ ಹೂ ಬಿಡುವುದು ಬಿಸಿಲು ಏರುತ್ತಿರುವ ಮಾರ್ಚ್, ಏಪ್ರಿಲ್‌ನಲ್ಲಿ. ಭತ್ತದ ಹೂ ಬೆಳಗಿನ ಹೊತ್ತು ಒಂದೆರಡು ತಾಸು ಮಾತ್ರ ತೆರೆದಿರುತ್ತದೆ. ಆ ಹೊತ್ತಿನಲ್ಲಿ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗತೊಡಗುತ್ತದೆ. ತೆನೆ ಒಳಗೆ ರೂಪುಗೊಳ್ಳುವಾಗಲೇ ತಾಪ ಹೆಚ್ಚಾದರೆ ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ತೆನೆಯಲ್ಲಿ ಇಳಿದು, ಕಾಳಿನ ಸಂಖ್ಯೆಯೇ ಕಡಿಮೆಯಾಗುತ್ತದೆ.

ನಾನು ಇಂದು ಹೇಳಲು ಬಂದ ಮುಖ್ಯ ಮಾತು ಇನ್ನು ಮುಂದಿನದು. ಅಬ್ಸಿಸಿಕ್ ಆಮ್ಲ ಗಿಡವನ್ನು ಕಾಯುತ್ತದೆ, ನಿಜ. ಆದರೆ ಎಲ್ಲ ಹೊತ್ತಿನಲ್ಲೂ ಅಲ್ಲ. ತೆಂಡೆ ಒಡೆಯುವಾಗ ಒಂದು ವಾರ ನೀರು ತಪ್ಪಿದರೆ ಗಿಡ ಸುಧಾರಿಸಿಕೊಳ್ಳುತ್ತದೆ. ಅದೇ ವಾರ ಹೊಡೆ ಕಟ್ಟುವಾಗ, ತೆನೆ ಹೊರಬೀಳುವುದಕ್ಕೆ ಹತ್ತು ಹನ್ನೆರಡು ದಿನ ಮುಂಚೆ ಬಂತೆನ್ನಿ. ಆಗ ಹೂವಿನೊಳಗೆ ಪರಾಗ ರೂಪುಗೊಳ್ಳುತ್ತಿರುತ್ತದೆ. ಅದಕ್ಕೆ ಸಕ್ಕರೆ ಹರಿಯುತ್ತಿರಬೇಕು. ಪರಾಗಕೋಶದಲ್ಲಿ ಅಬ್ಸಿಸಿಕ್ ಆಮ್ಲ ಏರಿದಾಗ ಆ ಸಕ್ಕರೆಯ ಹರಿವು ತಗ್ಗುವುದನ್ನು ಚಳಿಗೆ ಸಿಕ್ಕ ಭತ್ತದಲ್ಲೂ ನೀರಿಗೆ ಬಳಲಿದ ಗೋಧಿಯಲ್ಲೂ ವಿಜ್ಞಾನಿಗಳು ಕಂಡಿದ್ದಾರೆ. ಪಿಷ್ಟ ತುಂಬದ ಪರಾಗ ಬಂಜೆ. ಗಿಡ ಹಸಿರಾಗಿಯೇ ನಿಂತಿರುತ್ತದೆ, ತೆನೆಯೂ ಬರುತ್ತದೆ, ಕೈಯಲ್ಲಿ ಹಿಸುಕಿದರೆ ಜೊಳ್ಳು. ಇನ್ನೊಂದು ಕಡೆ, ತೆನೆಯನ್ನು ಹೊಡೆಯಿಂದ ಮೇಲಕ್ಕೆ ತಳ್ಳಬೇಕಾದ ಜಿಬ್ಬರೆಲಿನ್ ನೀರಿಲ್ಲದಾಗ ಇಳಿಯುತ್ತದೆ. ಅರ್ಧ ತೆನೆ ಎಲೆಯ ಸುರುಳಿಯಲ್ಲೇ ಸಿಕ್ಕಿಕೊಳ್ಳುತ್ತದೆ. ತಾನು ಉಳಿಯಬೇಕು ಎಂಬುದು ಗಿಡದ ಲೆಕ್ಕ. ಕಾಳು ಬರಬೇಕು ಎಂಬುದು ನಮ್ಮ ಲೆಕ್ಕ. ಈ ಎರಡು ಲೆಕ್ಕಗಳು ಬೇರೆಯಾಗುವುದು ಹೊಡೆಯ ಹೊತ್ತಿನಲ್ಲಿ.

ಕಾಳು ಬಲಿಯುವಾಗ ಇದೇ ಹಾರ್ಮೋನು ಮತ್ತೆ ನಮ್ಮ ಕಡೆಗೆ ತಿರುಗುತ್ತದೆ. ಹಾಲುಗಾಳಿನ ಹಂತದಲ್ಲಿ ಗದ್ದೆ ಹದವಾಗಿ ಒಣಗಿದರೆ, ಸ್ವಲ್ಪ ಏರಿದ ಅಬ್ಸಿಸಿಕ್ ಆಮ್ಲ ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ಕಾಳಿಗೆ ಸಾಗಿಸಲು ನೆರವಾಗುತ್ತದೆ ಎಂದು ಚೀನಾದ ಯಾಂಗ್‌ಝೌ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದಾರೆ. ಒಂದೇ ವಸ್ತು, ಒಂದೇ ಗಿಡ. ಕೆಲವೇ ವಾರ ಆಚೆಈಚೆಯಾದರೆ ಫಲ ತಿರುಗಾ ಮುರುಗಾ.

ನೆರೆಯ ಕಥೆ ಬೇರೆಯೇ ಹಾರ್ಮೋನಿನದು. ಗಿಡದೊಳಗೆ ಎಥಿಲೀನ್ ಎಂಬ ಅನಿಲ ಯಾವಾಗಲೂ ಸ್ವಲ್ಪ ಹುಟ್ಟುತ್ತಿರುತ್ತದೆ. ಗಾಳಿಯಲ್ಲಿ ಅದು ಹಾರಿಹೋಗುತ್ತದೆ. ನೀರಿನಲ್ಲಿ ಅನಿಲ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಹೊಳೆ ಬಂದು ಗದ್ದೆ ಮುಳುಗಿದಾಗ ಎಥಿಲೀನ್ ಒಳಗೇ ಉಳಿದು ತುಂಬಿಕೊಳ್ಳುತ್ತದೆ. ಗಿಡಕ್ಕೆ ತಾನು ಮುಳುಗಿದ್ದು ತಿಳಿಯುವುದು ಹೀಗೆ. ಆಮೇಲೆ ಸಾಮಾನ್ಯ ಭತ್ತ ಜಿಬ್ಬರೆಲಿನ್ ಹೆಚ್ಚಿಸಿಕೊಂಡು ನೀರಿನಿಂದ ತಲೆ ಎತ್ತಲು ಬೆಳೆಯುತ್ತದೆ. ಇದ್ದಬದ್ದ ಪಿಷ್ಟವೆಲ್ಲ ಅದಕ್ಕೇ ಖರ್ಚು. ನೀರು ಇಳಿದಾಗ ಮೈಯಲ್ಲಿ ತ್ರಾಣವಿಲ್ಲದೆ ಕೆಸರಿಗೆ ಒರಗುತ್ತದೆ.

ಒಡಿಶಾದ ಎಫ್‌ಆರ್ 13ಎ ಎಂಬ ನಾಡತಳಿ ಹಾಗೆ ಮಾಡುವುದಿಲ್ಲ. ಅದರಲ್ಲಿರುವ ಸಬ್1ಎ ಎಂಬ ಜೀನು ಎಥಿಲೀನಿನ ಸುದ್ದಿ ಬಂದೊಡನೆ ಜಿಬ್ಬರೆಲಿನ್‌ಗೆ ಗಿಡ ಓಗೊಡದಂತೆ ತಡೆಯುತ್ತದೆ. ಗಿಡ ಬೆಳೆಯದೆ ಸುಮ್ಮನೆ ಕಾಯುತ್ತದೆ, ಎರಡು ವಾರದವರೆಗೂ. ಈ ಜೀನನ್ನು 2006ರಲ್ಲಿ ಗುರುತಿಸಿದರು. ಆಂಧ್ರದ ಜನಪ್ರಿಯ ಸ್ವರ್ಣ ತಳಿಗೆ ಅದನ್ನು ಸಂಕರಣದಿಂದ ಸೇರಿಸಿದ ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಇದಕ್ಕೆ ನೇರ ವಿರುದ್ಧದ ದಾರಿಯೂ ಉಂಟು. ಆಳನೀರಿನ ಭತ್ತಗಳು ಅದೇ ಎಥಿಲೀನ್ ಸುದ್ದಿಗೆ ದಿನಕ್ಕೆ 20 ಸೆಂಟಿಮೀಟರಿಗೂ ಮಿಕ್ಕಿ ಬೆಳೆದು ನೀರಿನ ಮೇಲೆ ಬರಬಲ್ಲವು. ನೆರೆ ತಿಂಗಳುಗಟ್ಟಲೆ ನಿಲ್ಲುವ ಕಡೆ ಬೆಳೆಯುವುದು ಜಾಣತನ; ವಾರದಲ್ಲಿ ಇಳಿಯುವ ಕಡೆ ಕಾಯುವುದು ಜಾಣತನ. ನಮ್ಮದೇ ನಾಡಿನ ವರದೆಯ ಬಯಲಿನಲ್ಲಿ, ಬನವಾಸಿ ಸೊರಬದ ಕಡೆ, ನೆರೆಗುಳಿಯಂಥ ತಳಿಗಳನ್ನು ರೈತರು ತಲೆತಲಾಂತರದಿಂದ ಉಳಿಸಿಕೊಂಡು ಬಂದಿದ್ದಾರೆ. ಅದೇ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ ಹಡಗಲಿಯ ದಂಡೆಗೆ ಬರುತ್ತದೆ. ಅಲ್ಲಿನ ನೀರು ಇಲ್ಲಿಗೆ ಬಂದಿತು, ಅಲ್ಲಿನ ಬೀಜ ಬರಲಿಲ್ಲ. ಹಲವಾಗಲಿನ ಗದ್ದೆಯಲ್ಲಿ ನೆರೆಗುಳಿಯೂ ಸಬ್1 ಇರುವ ತಳಿಯೂ ಅಕ್ಕಪಕ್ಕ ಬೆಳೆದು ಯಾವುದು ನಮ್ಮ ಹೊಳೆಗೆ ಒಗ್ಗುತ್ತದೆ ಎಂದು ನೋಡಬೇಕು. ಇದಕ್ಕೆ ದೊಡ್ಡ ಹಣ ಬೇಕಿಲ್ಲ.

ಬೇರಿನ ವಿಷಯ ಎತ್ತದೆ ಬರದ ಮಾತು ಪೂರ್ತಿಯಾಗದು. ಬೇರು ಕೆಳಕ್ಕೆ ಬಾಗುವುದು ಆಕ್ಸಿನ್ ಎಂಬ ಹಾರ್ಮೋನು ಬೇರುತುದಿಯ ಕೆಳಬದಿಯಲ್ಲಿ ಕೂಡುವುದರಿಂದ. ಆಕ್ಸಿನ್‌ಗೆ ಓಗೊಡುವ ಡಿಆರ್‌ಒ1 ಎಂಬ ಜೀನಿನ ಒಳ್ಳೆಯ ರೂಪವನ್ನು ಫಿಲಿಪ್ಪೀನ್ಸ್‌ನ ಒಣಭೂಮಿ ಭತ್ತದಿಂದ ಐಆರ್ 64 ತಳಿಗೆ ತಂದಾಗ ಬೇರು ಆಳಕ್ಕಿಳಿಯಿತು, ಬರದಲ್ಲಿ ಇಳುವರಿ ಉಳಿಯಿತು ಎಂದು 2013ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು. ಆದರೆ ಬೇರು ಇಳಿಯಲು ಮಣ್ಣು ಬಿಡಬೇಕಲ್ಲ? ವರ್ಷವರ್ಷವೂ ಕೆಸರು ಮಾಡಿದ ಗದ್ದೆಯಲ್ಲಿ ಮೇಲ್ಮಣ್ಣಿನ ಕೆಳಗೆ ಒಂದು ಗಟ್ಟಿ ಪದರ ಕೂರುತ್ತದೆ. ಬೇರು ಅಲ್ಲಿ ನಿಲ್ಲುವುದು ಮಣ್ಣು ಗಟ್ಟಿ ಎಂಬ ಒಂದೇ ಕಾರಣಕ್ಕಲ್ಲ. ಒತ್ತಿದ ಮಣ್ಣಿನಲ್ಲಿ ಗಾಳಿಯ ಕಿಂಡಿಗಳು ಮುಚ್ಚಿ, ಬೇರು ಬಿಟ್ಟ ಎಥಿಲೀನ್ ಸುತ್ತಲೇ ಉಳಿದು, ಬೆಳೆಯಬೇಡ ಎಂದು ಬೇರಿಗೇ ಸೂಚನೆ ಕೊಡುತ್ತದೆ ಎಂಬುದು 2021ರಲ್ಲಿ ಪ್ರಕಟವಾದ ಕೆಲಸದಿಂದ ಗೊತ್ತಾಯಿತು. ಎಥಿಲೀನ್‌ಗೆ ಓಗೊಡದ ಭತ್ತದ ಬೇರುಗಳು ಅದೇ ಗಟ್ಟಿ ಮಣ್ಣಿನಲ್ಲಿ ಇಳಿದುಹೋದವು. ಇನ್ನೂ ಕೆಸರು ಕಾಣದ ಕೂಡ್ಲಿಗಿ, ಕೊಟ್ಟೂರಿನ ಮಸಾರಿ ಹೊಲಗಳಲ್ಲಿ ಕೆರೆಯ ನೀರು ಬಂತೆಂದು ಟ್ರ್ಯಾಕ್ಟರ್ ಇಳಿಸಿ ಕೆಸರು ಮಾಡಿದರೆ ನಾವೇ ಕೈಯಾರೆ ಆ ಪದರ ಹಾಸಿದಂತೆ. ಮುಂದೆ ಅದೇ ಹೊಲಕ್ಕೆ ಜೋಳ, ಶೇಂಗಾ ಹಾಕುವಾಗ ಅವುಗಳ ಬೇರಿಗೂ ಅದೇ ಪಾಡು.

ಹಡಗಲಿಯವರು ಕೂತಿರುವ ಸಭೆಯಲ್ಲಿ ಒಂದು ಸಣ್ಣ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಹುಳು ಕಡಿದಾಗ, ಎಲೆ ಹರಿದಾಗ ಗಿಡದಲ್ಲಿ ಏಳುವ ಹಾರ್ಮೋನು ಜಾಸ್ಮೋನಿಕ್ ಆಮ್ಲ. ಇದರ ಬಂಧು ವಸ್ತುವೊಂದನ್ನು 1962ರಲ್ಲಿ ಮೊದಲು ಬೇರ್ಪಡಿಸಿದ್ದು ಜಾಜಿ ಮಲ್ಲಿಗೆಯ ತೈಲದಿಂದ, ಸುಗಂಧದ ಸಲುವಾಗಿ. ಭತ್ತದ ಹೂ ಬೆಳಿಗ್ಗೆ ತೆರೆಯುವುದರಲ್ಲೂ ಈ ಹಾರ್ಮೋನಿನ ಕೈಯಿದೆ.

ಇನ್ನು ಹೊಸ ಬೀಜಗಳು. 2025ರ ಮೇ 4ರಂದು ಕೇಂದ್ರ ಸರ್ಕಾರ ಎರಡು ಜೀನ್ ತಿದ್ದಿದ ಭತ್ತದ ತಳಿಗಳನ್ನು ಪ್ರಕಟಿಸಿತು. ಒಂದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಕಮಲಾ ಎಂದು ಅದರ ಹೆಸರು. ತುಂಗಭದ್ರಾ ಅಚ್ಚುಕಟ್ಟಿನವರಿಗೆ ಚಿರಪರಿಚಿತವಾದ ಬಿಪಿಟಿ 5204, ಅಂದರೆ ಸಾಂಬಾ ಮಸೂರಿಯಲ್ಲಿ ಸೈಟೋಕೈನಿನ್ ಅನ್ನು ಒಡೆಯುವ ಜೀನನ್ನು ತಿದ್ದಿ ಮಾಡಿದ್ದು. ಸೈಟೋಕೈನಿನ್ ಹೆಚ್ಚು ಉಳಿದರೆ ತೆನೆಯಲ್ಲಿ ಕಾಳು ಹೆಚ್ಚು. ಮೂಲ ತಳಿಗಿಂತ ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎನ್ನುತ್ತಾರೆ. ನೀರು ಸಾಲದ ಸೀಮೆಗೆ ಆ 20 ದಿನ ಬಹಳ ದೊಡ್ಡದು. ಇನ್ನೊಂದು ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಡಿಎಸ್‌ಟಿ 1. ಎಂಟಿಯು 1010 ತಳಿಯಲ್ಲಿ ಪತ್ರರಂಧ್ರಗಳನ್ನು ನಿಯಂತ್ರಿಸುವ ಜೀನೊಂದನ್ನು ತಿದ್ದಿ ಉಪ್ಪು, ಚೌಳನ್ನು ತಾಳುವಂತೆ ಮಾಡಿದ್ದು. ಪರೀಕ್ಷೆಯ ಅಂಕಿಅಂಶಗಳೆಲ್ಲ ಬಹಿರಂಗವಾಗಲಿ, ಬೀಜದ ಹಕ್ಕು ಯಾರದ್ದೆಂದು ಸ್ಪಷ್ಟವಾಗಲಿ ಎಂದು ಹಲವು ಸಂಘಟನೆಗಳು ಕೇಳಿವೆ. ಆ ಬೇಡಿಕೆ ಸರಿಯಾದದ್ದು. ವಿಜ್ಞಾನವನ್ನು ಒಪ್ಪುವ ನಾನೂ ಅದನ್ನೇ ಕೇಳುತ್ತೇನೆ.

ಆದರೆ ಜೀನ್ ತಿದ್ದದೆಯೇ ನಮ್ಮ ಮನೆಬಾಗಿಲಿನಲ್ಲಿರುವ ದಾರಿಯನ್ನು ಮರೆಯಬಾರದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಎಚ್.ಇ. ಶಶಿಧರ್ ಮತ್ತು ಅವರ ಜೊತೆಯವರು ಆಳ ಬೇರಿನ ಗುಣವನ್ನು ಹುಡುಕಿ ಹುಡುಕಿ ಆರಿಸಿ ಏರೋಬಿಕ್ ಭತ್ತದ ತಳಿ ಮಾಡಿದರು. ಎಂಎಎಸ್ 946-1 ಎಂಬ ಆ ತಳಿ ಶಾರದಾ ಎಂಬ ಹೆಸರಿನಲ್ಲಿ 2007ರಲ್ಲಿ ಹೊರಬಂತು. ಕೆಸರು ಬೇಡ, ಸಸಿಮಡಿ ಬೇಡ, ನಿಂತ ನೀರು ಬೇಡ. ಜೋಳದಂತೆ ಕೂರಿಗೆಯಲ್ಲಿ ಬಿತ್ತಿ, ತೇವ ನೋಡಿಕೊಂಡು ನೀರು ಹಾಯಿಸಿದರಾಯಿತು. ಕೆಸರುಗದ್ದೆಗೆ ಬೇಕಾದ ನೀರಿನ ಅರ್ಧದಷ್ಟರಲ್ಲಿ ಬೆಳೆ ಬರುತ್ತದೆ. ತೊಡಕುಗಳಿವೆ: ಕಸ ಹೆಚ್ಚು, ಕೆಲವು ಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾಗುತ್ತದೆ. ಆದರೂ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ, ಒಂದು ಬೆಳೆಗೆ 1,200 ಮಿ.ಮೀ.ಗೂ ಮೇಲೆ ನೀರು ಕುಡಿಯುವ ಕೆಸರುಗದ್ದೆಯನ್ನು ಹೊಸದಾಗಿ ಶುರುಮಾಡುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ.

ಈಗಾಗಲೇ ಕೆಸರುಗದ್ದೆ ಇರುವವರಿಗೆ ಇನ್ನೊಂದು ಉಪಾಯವಿದೆ. ರಂಧ್ರ ಕೊರೆದ ಒಂದು ಅಡಿ ಪೈಪನ್ನು ಗದ್ದೆಯಲ್ಲಿ ಹೂಳಿ, ಒಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರು ಇಳಿದ ಮೇಲಷ್ಟೇ ಮತ್ತೆ ನೀರು ಬಿಡುವುದು. ಆದರೆ ಹೊಡೆ ಕಟ್ಟುವಾಗಿನಿಂದ ಹೂ ಮುಗಿಯುವವರೆಗೆ ಗದ್ದೆಯಲ್ಲಿ ನೀರು ನಿಂತಿರಲೇಬೇಕು. ಏಕೆ ಎಂಬುದು ನಿಮಗೆ ಈಗಾಗಲೇ ಗೊತ್ತು. ಮೋಟಾರು ತಮ್ಮ ಕೈಯಲ್ಲಿರುವ ನದಿ ದಂಡೆಯವರೂ ಬೋರಿನವರೂ ಇದನ್ನು ನಾಳೆಯಿಂದಲೇ ಮಾಡಬಹುದು. ಬೋರಿನಲ್ಲಿ ನೀರು ಕಡಿಮೆಯಿದ್ದರೆ ತೆಂಡೆಯ ಕಾಲದಲ್ಲಿ ಉಳಿಸಿ ಹೊಡೆಯ ಕಾಲಕ್ಕೆ ಇಟ್ಟುಕೊಳ್ಳಿ. ಅನೇಕರು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ: ನಾಟಿಯ ಹೊಸದರಲ್ಲಿ ಗದ್ದೆ ತುಂಬಿ ಹರಿಸಿ, ಹೊಡೆ ಬರುವಾಗ ಆಕಾಶ ನೋಡುತ್ತಾರೆ.

ಕಡೆಯದಾಗಿ ಆ ಬಾಟಲಿಗಳು. ಹಾರ್ಮೋನು ಸಿಂಪಡಣೆ ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹೈಬ್ರಿಡ್ ಭತ್ತದ ಬೀಜೋತ್ಪಾದನೆಯಲ್ಲಿ ತೆನೆ ಪೂರ್ತಿ ಹೊರಬರಲಿ ಎಂದು ಜಿಬ್ಬರೆಲಿಕ್ ಆಮ್ಲ ಸಿಂಪಡಿಸುವುದು ಜಗತ್ತೆಲ್ಲ ನಡೆದಿರುವ ಪದ್ಧತಿ. ಅಲ್ಲಿ ಯಾವ ಹಾರ್ಮೋನು, ಎಷ್ಟು, ಯಾವ ದಿನ ಎಂಬುದಕ್ಕೆ ಲೆಕ್ಕವಿದೆ. ಆದರೆ ಬರಕ್ಕೂ ಅದೇ, ಹುಳಕ್ಕೂ ಅದೇ, ಇಳುವರಿಗೂ ಅದೇ ಎಂದು ಒಂದೇ ಬಾಟಲಿ ಕೊಡುವವರ ಮಾತನ್ನು ಗಿಡದ ವಿಜ್ಞಾನ ಒಪ್ಪುವುದಿಲ್ಲ. ಹೊತ್ತು ತಪ್ಪಿದರೆ ಗಿಡದ್ದೇ ಹಾರ್ಮೋನು ಬೆಳೆ ಕೆಡಿಸುತ್ತದೆ ಎಂದಮೇಲೆ ಹೊರಗಿನದು ಬಿಟ್ಟೀತೇ? ಜೈವಿಕ ಪ್ರಚೋದಕಗಳೆಂಬ ಹೆಸರಿನ ಟಾನಿಕ್‌ಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ತಂದಿತು. ಅದಕ್ಕೂ ಮೊದಲು ಯಾರ ಅಂಕೆಯೂ ಇಲ್ಲದೆ ಸುಮಾರು 30,000 ಬಗೆಯವು ಮಾರಾಟವಾಗುತ್ತಿದ್ದವೆಂದು ಕೃಷಿ ಸಚಿವರೇ 2025ರಲ್ಲಿ ಹೇಳಿದರು. ಅಂಗಡಿಯಲ್ಲಿ ನೋಂದಣಿ ಸಂಖ್ಯೆ ಕೇಳಿ, ಬಿಲ್ಲು ಕೇಳಿ, ಅದರಲ್ಲಿರುವ ವಸ್ತು ಯಾವುದು ಎಂದು ಕೇಳಿ. ಉತ್ತರ ಸಿಗದಿದ್ದರೆ ಆ ದುಡ್ಡಿನಲ್ಲಿ ಹೊಡೆಯ ಹೊತ್ತಿಗೆ ಒಂದು ನೀರು ಹೆಚ್ಚು ಕೊಡಿ.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರಲ್ಲಿ ಈ ವೇದಿಕೆಯಿಂದ ನನ್ನ ಬಿನ್ನಹ ಇಷ್ಟು. ಗಂಗಾವತಿಯ ಎರೆ ಗದ್ದೆಯ ಫಲಿತಾಂಶವನ್ನು ಕೂಡ್ಲಿಗಿಯ ಮಸಾರಿಗೆ ಅನ್ವಯಿಸದೆ, ಈ ಐದು ತಾಲ್ಲೂಕುಗಳಲ್ಲಿ ಒಂದೊಂದು ರೈತರ ಹೊಲದಲ್ಲಿ ಶಾರದಾ, ಕಮಲಾ, ಸಬ್1 ತಳಿ, ನೆರೆಗುಳಿ ಇವುಗಳನ್ನು ಬಿಪಿಟಿಯ ಪಕ್ಕದಲ್ಲಿ ಮೂರು ವರ್ಷ ಬೆಳೆಸಿ, ಎಷ್ಟು ನೀರಿಗೆ ಎಷ್ಟು ಕಾಳು ಬಂತೆಂದು ಪಂಚಾಯ್ತಿ ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಲಿ. ಹೊಲ ಕೊಡಲು ಮುಂದೆ ಬರುವವರು ಈ ಸಭೆ ಮುಗಿದ ಕೂಡಲೇ ಸಂಘಟಕರಲ್ಲಿ ಹೆಸರು ಬರೆಸಿ.